ಕಡಾಯಿ ಬಡಿಲಾಕ ಮಾಡಿಸಿದ ಹುಣಸಿ ಕೊರಡು: ಐದಕ್ಕ ಮೂರೂವರಿ ಸ್ಟಾರ್

ಕಲಬುರಗಿ ಗಂಜ್ ಕಡಿ ಒಂದು ಕಟ್ಟಿಗಿ ಅಡ್ಡಾದಾಗ (ಹೆಸರು ಬ್ಯಾಡ ಬಿಡ್ರಿ, ಮಾಲಕ ಮನುಷ್ಯಾ ಚಲೋನೇ ಇದ್ದಾನ) ತಾಮ್ರದ ಕಡಾಯಿ ಬಡಿಲಾಕ ಅಂತ ಒಂದು ಕೊರಡು ಮಾಡಿಸ್ಕೊಂಡಿದ್ದೆ, ನಾಕು ತಿಂಗಳು ಅದರ ಮ್ಯಾಲ ಬಡದು ಈಗ ಬರೀಲತ್ತೀನಿ.

ಮೊದ್ಲ ಹೋಗಿ ಅಚ್ಚು ಬೇಕು ಅಂದೆ, ಅದೇ ತಪ್ಪಾತು. ಅಚ್ಚು ಅಂದಕೂಡ್ಲೇ ಅಂವ "ಬೀದರಕ್ಕ ಹೋಗ್ರಿ ಸರ, ಬಿದ್ರಿ ಮಾಡೋರು ಮಣ್ಣಿನ ಅಚ್ಚು ಮಾಡ್ತಾರ" ಅಂದ. ಅದು ಸತುವು ತಾಮ್ರ ಕರಗಿಸಿ ಹೊಯ್ಯೋ ಅಚ್ಚು ರೀ, ನಂಗ ಬೇಕಾಗಿದ್ದು ತಗಡು ಇಟ್ಟು ಸುತ್ತಿಗಿಲೆ ಬಡಿಯೋ ಕುಣಿ. ಮೊಬೈಲ್‌ದಾಗ ಫೋಟೋ ತೋರ್ಸಿದ್ರೂ ತಿಳೀಲಿಲ್ಲ, ಕಡೀಕ "ಮಟನ್ ಅಂಗಡ್ಯಾಗ ಇರ್ತದಲ್ಲ ಅಂಥಾ ಕೊರಡು, ನಡಬರಕ ಒಂದು ಕುಣಿ" ಅಂದಾಗ ತಲಿ ಅಲ್ಲಾಡಿಸ್ದ.

ಕಟ್ಟಿಗಿಗಿ ಫುಲ್ ಮಾರ್ಕ್ಸ್. ಒಂದಡಿ ಅಗಲ, 16 ಇಂಚು ಎತ್ತರ, ಹುಣಸಿದು, ನಡುವಿಂದು ಕಪ್ಪು ಚೇಗು. ಗಿಡ ನಿಂತಂಗೇ ನಿಲ್ಲಿಸಿ ಅಡ್ಡ ಕೊಯ್ದ ಮುಖದಾಗೇ ಕುಣಿ ತೆಗದಾನ, ಇದನ್ನ ನಾ ಹೇಳೋಕಿಂತ ಮೊದ್ಲೇ ಅಂವಗ ಗೊತ್ತಿತ್ತು. ಮಲಗಿಸಿ ತೆಗದ್ರ ನಾಕು ಏಟಿಗಿ ನಾರಿನುದ್ದಕ್ಕ ಸೀಳ್ತದ. ಕೂಲಿ ಸೇರಿ 1,600 ತೊಗೊಂಡ, ನ್ಯಾಯ ಅನಸ್ತು. (ಹುಣಸಿ ಕಟ್ಟಿಗಿ ಮನ್ಯಾಗ ತರಬ್ಯಾಡ, ದೆವ್ವ ಬರ್ತಾವ ಅಂತ ಅವ್ವ ಎರಡು ದಿನ ಬೈದ್ಲು, ಅದು ಬ್ಯಾರೆ ಮಾತು.)

ಗೋಳು ಶುರು ಆಗಿದ್ದು ಆಳದ್ದು. ನಾ ಚೀಟಿ ಮ್ಯಾಲ ಬರ್ದು ಕೊಟ್ಟಿದ್ದು 7 ಇಂಚು ಅಗಲ, ಒಂದೂಕಾಲು ಇಂಚು ಆಳ. ಅಂವ "ಕಡಾಯಿ ಅಂದಮ್ಯಾಲ ಆಳ ಬೇಕಲ್ರಿ" ಅಂತ ತನ್ನ ತಲಿ ಓಡ್ಸಿ ಹತ್ರತ್ರ 3 ಇಂಚು ಕೆತ್ತಿ ಇಟ್ಟಾನ, ಅಂಚೂ ಚೂರಿಯಂಗ ಚೂಪು. ನಾನೂ ಶಾಣ್ಯಾ ಇರ್ಲಿ ಬಿಡು ಅಂತ ತಂದು 18 ಗೇಜ್ ದಪ್ಪದ ತಾಮ್ರದ ತಗಡು ಇಟ್ಟು ಬಡದೆ, ಅಂಚಿನ ಸುತ್ತ ಸೀರಿ ನೆರಿಗಿ ಹಂಗ ನೆರಿಗಿ ಬಿದ್ವು, ಒಂದು ನೆರಿಗಿ ಮಡಚಿ ಮ್ಯಾಲೆ ಮ್ಯಾಲೆ ಕುಂತು ಅಲ್ಲೇ ಹರೀತು. ತಾಮ್ರದ ರೇಟು ನಿಮಗ ಗೊತ್ತೇ ಅದ, ಹೊಟ್ಟಿ ಉರೀತು. ಕಡಾಯಿ ಆಳ ಕುಣಿಯಿಂದ ಬರಂಗಿಲ್ರಿ, ಸುತ್ತಿಗಿಯಿಂದ ಬರ್ತದ. ಕುಣಿ ಸಣ್ಣದು, ಆಳ ಕಮ್ಮಿ ಇರ್ಬೇಕು, ತಗಡು ತಿರುಗಿಸ್ಕೋತ ಅಂಚಿನಿಂದ ಒಳಗ ಸುತ್ತ ಸುತ್ತ ಬಡೀಬೇಕು, ನೆರಿಗಿ ಏಳಲಾಕ ಶುರು ಆದಕೂಡ್ಲೇ ತಟ್ಟಿ ಕೂಡ್ಸಬೇಕು. 10 ಇಂಚು ಅಗಲ ಎರಡೂವರಿ ಇಂಚು ಆಳದ ಕಡಾಯಿಗಿ 11 ಇಂಚಿನ ಮ್ಯಾಲ ಒಂದೀಟು ದುಂಡು ತಗಡು ಸಾಕಾಗ್ತದ.

ವಾಪಸ್ ಒಯ್ದು ತೋರಿಸ್ದೆ. ಜಗಳ ಆಗ್ತದ ಅಂದ್ಕೊಂಡಿದ್ದೆ, ಅಂವ ಸುಮ್ನ ಮ್ಯಾಲಿಂದ 2 ಇಂಚು ಕೊಯ್ದು ತೆಗದು, ಉಳದ ಕುಣಿ ಅಗಲ ಮಾಡಿ, ಅಂಚಿಗಿ ಅರ ಹಚ್ಚಿ ದುಂಡ ಮಾಡಿ ಕೊಟ್ಟ, ರೊಕ್ಕ ತೊಗೊಳ್ಲಿಲ್ಲ. ಆದ್ರ ಹದಿನೈದು ದಿನ ಓಡಾಡಿಸ್ದ, ಅರ್ಧ ಸ್ಟಾರ್ ಅದಕ್ಕ ಹೋತು.

ಇನ್ನೊಂದು ಸ್ಟಾರ್ ಸೀಳಿಗಿ. ಕಟ್ಟಿಗಿ ಪೂರಾ ಒಣಗಿರ್ಲಿಲ್ಲ, ಹೇಳಲೂ ಇಲ್ಲ. ಏಪ್ರಿಲ್‌ದಾಗ ನಮ್ಮ ಊರಿನ ಬಿಸಲು ಹ್ಯಾಂಗಿರ್ತದ, ಅಂಗಳದಾಗ ಇಟ್ಟಿದ್ದೆ, ವಾರದಾಗ ಎರಡು ಕಡಿ ಬಿರಕು. ಕೊಯ್ದ ಮುಖ ಬ್ಯಾಗ ಒಣಗ್ತದ, ಹಸಿ ಇದ್ರ ಎಣ್ಣಿ ಇಲ್ಲಾ ಮೇಣ ಸವರಿ ನೆರಳಾಗ ಇಡ್ರಿ. ನಾ ಆಮ್ಯಾಲ ಕಂಬಾರ ಕಡಿ ಒಯ್ದು, ಬಂಡಿ ಗಾಲಿಗಿ ಹಾಕ್ತಾರಲ್ಲ ಹಂಗ ಕಬ್ಬಿಣದ ಪಟ್ಟಿ ಕಾಸಿ ಹಾಕಿಸ್ದೆ, ಆರಿ ಬಿಗೀ ಹಿಡದ ಮ್ಯಾಲ ಬಿರಕು ಮುಂದ ಹೋಗಿಲ್ಲ.

ತಾಮ್ರ ಬಡದಷ್ಟು ಬಿರುಸಾಗ್ತದ, ಸಪ್ಪಳ ಟಣ್ ಅಂತ ಬದಲಾದ್ರ ನಿಲ್ಲಿಸಿ ಮಂದ ಕೆಂಪಾಗೋ ತನ ಕಾಸ್ರಿ, ನೀರಾಗ ಅದ್ದಿ ಮತ್ತ ಬಡೀರಿ. ಬಿಸಲಾಗ ಆ ಕೆಂಪು ಕಾಣಂಗಿಲ್ಲ, ನಾ ಸಂಜಿಕೇ ಮಾಡೋದು. ಕಬ್ಬಿಣ ಬಿಸಿ ಬಿಸಿ ಬಡಿಯೋರು ಕಟ್ಟಿಗಿ ಕೊರಡು ತೊಗೊಂಡ್ರ ಕುಣಿ ಸುಟ್ಟು ದಿನಾ ಆಳ ಆಗ್ತದ, ಹೊಗಿ ಬ್ಯಾರೆ.

ಇಲ್ಲೀತನ ಎರಡು ಕಡಾಯಿ ಆಗ್ಯಾವ, ಒಂದಕ್ಕ ಕಲಾಯಿ ಹಾಕಿಸಿ ಅವ್ವ ಪಲ್ಯ ಮಾಡ್ಲತ್ತಾಳ. ಹೋಗೋರು ಅಳತಿ ಚೀಟಿ ಬ್ಯಾಡ, ರಟ್ಟು ಕತ್ತರಿಸಿ ಕುಣಿ ಆಕಾರದ ಫರ್ಮಾ ಒಯ್ರಿ, ಅವನ ಎದರಿಗೇ ಇಟ್ಟು ನೋಡ್ರಿ. ಶುಕ್ರವಾರ ಅಡ್ಡಾ ಬಂದ್ ಇರ್ತದ.