ಭೀಮಸೇನ ಜೋಶಿ ಸಿ.ಡಿ. ಸೆಟ್: ಹಾಡು ಬಂಗಾರ, ಪುಸ್ತಿಕೆ ಬಡವ

ಎರಡು ವಾರದಿಂದ ಬೆಳಗ್ಗೆ, ಸಂಜೆ ಇದನ್ನೇ ಕೇಳುತ್ತಿದ್ದೇನೆ. ಹಿಂದೂಸ್ತಾನಿ ಶಾಸ್ತ್ರೀಯ ಗಾಯನದ ಖಯಾಲ್, ಮರಾಠಿ ಭಕ್ತಿಪದಗಳಾದ ಅಭಂಗ, ನಮ್ಮ ದಾಸರ ಪದ, ಎಲ್ಲವೂ ಒಂದೇ ಡಬ್ಬಿಯಲ್ಲಿ. ಅದೇ ಇದರ ದೊಡ್ಡ ಗುಣ. ಖಯಾಲಿನಲ್ಲಿ ಗುಡುಗಿನಂತೆ ತಾನ್ (ವೇಗದ ಸ್ವರಗಳ ಸರಮಾಲೆ) ಬಿಡುವ ಅದೇ ಗಂಟಲು ದಾಸರ ಪದಕ್ಕೆ ಬಂದಾಗ ಎಷ್ಟು ಮೆತ್ತಗಾಗುತ್ತದೆ, ಒಂದೊಂದು ಮಾತನ್ನೂ ಹೇಗೆ ಬಿಡಿಸಿ ಹೇಳುತ್ತದೆ ಅಂತ ಒಟ್ಟಿಗೆ ಕೇಳಿದಾಗಲೇ ಗೊತ್ತಾಗುವುದು, ಅಲ್ವಾ?

ಬೇಸರ ಆಗಿದ್ದು ಪುಸ್ತಿಕೆ ನೋಡಿ. ಸುಮ್ನೆ ನಾಲ್ಕು ಪುಟ, ಜಾಸ್ತಿ ಫೋಟೋಗಳೇ. ತಬಲಾ ಯಾರು, ಹಾಡಿದ್ದು ಯಾವ ವರ್ಷ, ಏನೂ ಇಲ್ಲ. 11ನೇ ವಯಸ್ಸಿಗೆ ಗುರುವನ್ನು ಹುಡುಕಿ ಮನೆ ಬಿಟ್ಟ ಹುಡುಗ ಭೀಮಸೇನ ಗ್ವಾಲಿಯರ್, ಜಲಂಧರ್ ಅಂತ ಅಲೆದು, ಕೊನೆಗೆ 1936ರಲ್ಲಿ ಧಾರವಾಡದ ಹತ್ತಿರದ ಕುಂದಗೋಳದಲ್ಲೇ ಸವಾಯಿ ಗಂಧರ್ವರ ಶಿಷ್ಯನಾದ ಕತೆಗೆ ಒಂದು ಪುಟ ಕೊಡಬಾರದಿತ್ತೇ? ಆ ಗುರುಗಳ ಕಿರಾನಾ ಘರಾನೆಯ, ಅಂದರೆ ಆ ಗಾಯನ ಪರಂಪರೆಯ, ತಾಲೀಮು ಗೊತ್ತಿದ್ದರೆ ಆಲಾಪದಲ್ಲಿ ಒಂದೊಂದೇ ಸ್ವರವನ್ನು ಅವರು ಬೆಳೆಸುವ ರೀತಿ ಇನ್ನೂ ಚೆನ್ನಾಗಿ ತಿಳಿಯುತ್ತದೆ.

ಮೂರನೇ ಸಿ.ಡಿ.ಯಲ್ಲಿ ಸದ್ದು ತುಸು ಕಡಿಮೆ. ವಾಲ್ಯೂಮ್ ಏರಿಸಿಕೊಳ್ಳಿ. ಆದರೂ ಕೊಳ್ಳಿ, ಮೊದಲು ದಾಸರ ಪದಗಳನ್ನೇ ಹಾಕಿ.