ಕ್ವಾರ್ಕ್, ಮೊಸರು, ಕ್ರೀಮ್ ಚೀಸ್: ಯಾವುದರ ಜಾಗಕ್ಕೆ ಯಾವುದು?

ಜರ್ಮನಿಯಲ್ಲಿರುವ ನಮ್ಮವರ ಫ್ರಿಜ್‌ನೊಳಗೆ ಕ್ವಾರ್ಕ್ ಅನ್ನುವ, ಗಟ್ಟಿ ಮೊಸರಿನ ಹಾಗೆ ಕಾಣುವ ಮೆತ್ತನೆಯ ಚೀಸ್ ಬರುವುದು ಹೆಚ್ಚಾಗಿ ಜಿಮ್‌ಗೆ ಹೋಗುವವರ ಬಾಯಿಮಾತಿನಿಂದ. "ಮೊಸರು ಬಿಟ್ಟಾಕಿ, ಕ್ವಾರ್ಕ್ ತಿನ್ನಿ, ಪ್ರೋಟೀನ್ ಮೂರು ಪಟ್ಟು ಇದೆ" ಅನ್ನುತ್ತಾರೆ. ಇತ್ತ ಆಫೀಸಿನ ಜರ್ಮನ್ ಗೆಳತಿಯರು ಅದನ್ನೇ ಕ್ರೀಮ್ ಚೀಸ್ ಬದಲು ಬ್ರೆಡ್ಡಿಗೆ ಸವರಿಕೊಂಡು ತಿನ್ನುತ್ತಾರೆ. ಒಂದೇ ಡಬ್ಬಿ ಎರಡು ಕೆಲಸಕ್ಕೂ ಆಗುತ್ತೆ ಅಂದರೆ ಯಾರಿಗೆ ಬೇಡ ಹೇಳಿ? ಲೈಪ್‌ಜಿಗ್‌ನ ನಮ್ಮ ಮನೆಯಲ್ಲಿ ಮೂರನ್ನೂ ತಂದಿಟ್ಟುಕೊಂಡು ಅನ್ನಕ್ಕೆ, ರೊಟ್ಟಿಗೆ, ಬ್ರೆಡ್ಡಿಗೆ, ಸಿಹಿಗೆ ಹಾಕಿ ನೋಡಿದ್ದೇನೆ. ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಕ್ರೀಮ್ ಚೀಸ್ ಜಾಗಕ್ಕೆ ಕ್ವಾರ್ಕ್ ಆರಾಮಾಗಿ ಬರುತ್ತದೆ. ಮೊಸರಿನ ಜಾಗಕ್ಕೆ ಬರುವುದಿಲ್ಲ.

ಇದನ್ನು ಮಾಡುವ ರೀತಿ ಗೊತ್ತಾದರೆ ಕಾರಣವೂ ಗೊತ್ತಾಗುತ್ತದೆ. ಕೆನೆ ತೆಗೆದ ಹಾಲಿಗೆ ಹೆಪ್ಪು ಹಾಕಿ, ಜೊತೆಗೆ ಸ್ವಲ್ಪ ರೆನೆಟ್ (ಹಾಲನ್ನು ಗಟ್ಟಿ ಮಾಡುವ ಕಿಣ್ವ) ಸೇರಿಸಿ ಗಟ್ಟಿಯಾಗಲು ಬಿಡುತ್ತಾರೆ. ಆಮೇಲೆ ಯಂತ್ರದಲ್ಲಿ ಗರಗರ ತಿರುಗಿಸಿ ನೀರು ಬೇರೆ ಮಾಡುತ್ತಾರೆ. ನಮ್ಮ ಧಾರವಾಡ, ಬೆಳಗಾವಿ ಕಡೆ ಶ್ರೀಖಂಡಕ್ಕೆ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿ ಚಕ್ಕಾ ಮಾಡುತ್ತೇವಲ್ಲ, ಹೆಚ್ಚುಕಡಿಮೆ ಅದೇ. ಪನೀರ್ ಅಂತೂ ಅಲ್ಲ. ಪನೀರಿಗೆ ಬಿಸಿ ಹಾಲನ್ನು ಹುಳಿ ಹಿಂಡಿ ಒಡೆಸುತ್ತೇವೆ. ಆಸ್ಟ್ರಿಯಾದಲ್ಲಿ ಇದೇ ಕ್ವಾರ್ಕನ್ನು ಟೋಪ್‌ಫನ್ ಅಂತಾರೆ. ಪೋಲೆಂಡ್, ರಷ್ಯಾ ಕಡೆಯದು ಇನ್ನೂ ಒಣ, ಪುಡಿಪುಡಿ. ಅದನ್ನು ಬ್ರೆಡ್ಡಿಗೆ ಸವರಲು ಹೋಗಬೇಡಿ.

ಈಗ ಅಂಕಿ. 100 ಗ್ರಾಂ ಲೆಕ್ಕದಲ್ಲಿ ಮಾಗರ್‌ಕ್ವಾರ್ಕ್, ಅಂದರೆ ಕೊಬ್ಬು ತೆಗೆದ ಕ್ವಾರ್ಕಿನಲ್ಲಿ ಸುಮಾರು 12 ಗ್ರಾಂ ಪ್ರೋಟೀನ್ ಇದೆ. ಕೊಬ್ಬು ಅರ್ಧ ಗ್ರಾಂಗಿಂತ ಕಡಿಮೆ. ಕ್ಯಾಲೊರಿ 65-70ರ ಆಸುಪಾಸು. ಶೇ. 3.5 ಕೊಬ್ಬಿರುವ ಸಾದಾ ಮೊಸರಿನಲ್ಲೂ ಕ್ಯಾಲೊರಿ ಹೆಚ್ಚುಕಡಿಮೆ ಅಷ್ಟೇ! ಆದರೆ ಪ್ರೋಟೀನ್ 4 ಗ್ರಾಂ ದಾಟುವುದು ಕಷ್ಟ. ಜಿಮ್‌ನವರ ಮಾತು ಸುಳ್ಳಲ್ಲ. ಕ್ರೀಮ್ ಚೀಸಿನ ಮಾಮೂಲಿ ಡಬ್ಬಿ ನೋಡಿದರೆ ಕಥೆಯೇ ಬೇರೆ. ಕೊಬ್ಬು 24 ಗ್ರಾಂ ಹತ್ತಿರ, ಕ್ಯಾಲೊರಿ 230ರಿಂದ 250, ಪ್ರೋಟೀನ್ 5-6 ಗ್ರಾಂ. ಮೇಲಿಂದ ಉಪ್ಪು ಬೇರೆ ಸೇರಿಸಿರುತ್ತಾರೆ. ಸಾದಾ ಕ್ವಾರ್ಕಿಗೂ ಸಾದಾ ಮೊಸರಿಗೂ ಉಪ್ಪು ಹಾಕಿರುವುದಿಲ್ಲ.

ಆದರೆ ಒಂದು ವಿಷಯ ಯಾರೂ ಹೇಳುವುದಿಲ್ಲ. ಪ್ರೋಟೀನ್ ಮೂರು ಪಟ್ಟು ಇದೆ ಅಂತ ಕ್ಯಾಲ್ಸಿಯಂ ಕೂಡ ಮೂರು ಪಟ್ಟು ಇರುವುದಿಲ್ಲ. ಹಾಲು ಹುಳಿಯಾದಾಗ ಕ್ಯಾಲ್ಸಿಯಂ ಕರಗಿ ನೀರಿಗೆ ಬರುತ್ತದೆ, ಆ ನೀರಿನ ಜೊತೆಗೇ ಹೊರಟೂ ಹೋಗುತ್ತದೆ. ಹಾಗಾಗಿ ಕ್ವಾರ್ಕಿನ ಕ್ಯಾಲ್ಸಿಯಂ ಮೊಸರಿನ ಮಟ್ಟಕ್ಕೇ ನಿಲ್ಲುತ್ತದೆ, ಕೆಲವು ಡಬ್ಬಿಗಳಲ್ಲಿ ಅದಕ್ಕಿಂತ ಕಡಿಮೆಯೂ ಇರುತ್ತದೆ. ಮೂಳೆಗೆ ಒಳ್ಳೆಯದು ಅಂತ ಮೊಸರು ಬಿಟ್ಟು ಇದಕ್ಕೆ ಬಂದವರಿಗೆ ಲಾಭವೇನೂ ಇಲ್ಲ. ಹಾಲಿನ ಸಕ್ಕರೆ ಆಗಿಬರದವರಿಗೂ ಅಷ್ಟೇ. ಲ್ಯಾಕ್ಟೋಸ್ ಇದರಲ್ಲೂ ಇರುತ್ತದೆ, ಲ್ಯಾಕ್ಟೋಸ್ ತೆಗೆದ ಡಬ್ಬಿಯನ್ನೇ ಹುಡುಕಿ ತರಬೇಕು.

ಅಂಗಡಿಯಲ್ಲಿ ಎಲ್ಲರೂ ತಬ್ಬಿಬ್ಬಾಗುವುದು ಡಬ್ಬಿಯ ಮೇಲಿನ ಶೇ. 20, ಶೇ. 40 ನೋಡಿ. ಶೇ. 40 ಅಂದರೆ ಅಬ್ಬಾ, ಅರ್ಧದಷ್ಟು ಬೆಣ್ಣೆಯೇ ಅಂತ ಅದನ್ನು ವಾಪಸ್ ಇಟ್ಟುಬಿಡುತ್ತಾರೆ. ಅದು ಹಾಗಲ್ಲ. ಆ ಲೆಕ್ಕ ಇಡೀ ಡಬ್ಬಿಗೆ ಅಲ್ಲ, ನೀರನ್ನೆಲ್ಲ ತೆಗೆದ ಮೇಲೆ ಉಳಿಯುವ ಒಣ ಭಾಗಕ್ಕೆ. ಕ್ವಾರ್ಕಿನ ಸುಮಾರು ಮುಕ್ಕಾಲು ಭಾಗ ನೀರೇ. ಒಣ ಭಾಗ ನೂರರಲ್ಲಿ ಸುಮಾರು 25 ಇದ್ದರೆ, ಅದರ ಶೇ. 40 ಅಂದರೆ 10 ಗ್ರಾಂ ಕೊಬ್ಬು. ಶೇ. 20ರ ಡಬ್ಬಿಯಲ್ಲಿ 5 ಗ್ರಾಂ ಹತ್ತಿರ. ಹಿಂದೆ ಪೋಷಕಾಂಶಗಳ ಪಟ್ಟಿಯಲ್ಲಿ ನಿಜವಾದ ಅಂಕಿ ಇರುತ್ತದೆ, ಅದನ್ನು ನೋಡಿದರೆ ಸಾಕು. ನನಗೆ ಕೇಳಿದರೆ ದಿನಬಳಕೆಗೆ ಶೇ. 20ರದ್ದೇ ಸರಿ. ಮಾಗರ್‌ಕ್ವಾರ್ಕ್ ಬಾಯಲ್ಲಿ ಸುಣ್ಣದ ಹಾಗೆ ಒಣಒಣ ಅನ್ನಿಸುತ್ತದೆ. ಅದಕ್ಕೆ ಜರ್ಮನ್ನರ ಹತ್ತಿರ ಒಂದು ಉಪಾಯ ಇದೆ. ಗ್ಯಾಸ್ ಇರುವ ಮಿನರಲ್ ವಾಟರ್ ಒಂದೆರಡು ಚಮಚ ಹಾಕಿ ಜೋರಾಗಿ ಕದಡುತ್ತಾರೆ. ಹಗುರಾಗಿ ಉಬ್ಬಿಕೊಳ್ಳುತ್ತದೆ. ಇಷ್ಟು ಸುಲಭವಾ ಅಂತ ನನಗೂ ಆಶ್ಚರ್ಯ ಆಗಿತ್ತು.

ಇನ್ನು ಊಟಕ್ಕೆ ಬರೋಣ. ಮೊಸರನ್ನದಲ್ಲಿ ಕ್ವಾರ್ಕ್ ಸೋತಿತು. ಅನ್ನಕ್ಕೆ ಹಾಕಿದ ಕೂಡಲೇ ಇದ್ದ ನೀರನ್ನೂ ಹೀರಿಕೊಂಡು ಮುದ್ದೆಯಾಗಿ ಕೂರುತ್ತದೆ. ಹಾಲು ಹಾಕಿ ಸಡಿಲ ಮಾಡಿದರೆ ತೆಳ್ಳಗೇನೋ ಆಗುತ್ತದೆ, ಆದರೆ ಹುಳಿಯಲ್ಲಿ ಜೀವ ಇರುವುದಿಲ್ಲ. ಒಗ್ಗರಣೆ, ಶುಂಠಿ, ದಾಳಿಂಬೆ ಎಲ್ಲ ಹಾಕಿದರೂ ಅಷ್ಟೇ. ನಮ್ಮ ಮನೆಯವರು ಮೈಸೂರಿನವರು. ಎರಡು ತುತ್ತು ತಿಂದು, "ಚೆನ್ನಾಗಿದೆ, ಆದ್ರೆ ಇದನ್ನ ಮೊಸರನ್ನ ಅನ್ಬೇಡ ಕಣೇ" ಅಂದರು. ಮಜ್ಜಿಗೆಯಂತೂ ಆಗುವುದೇ ಇಲ್ಲ. ನೀರು ಹಾಕಿ ಕಡೆದರೆ ಮೇಲೆ ತಿಳಿ, ಕೆಳಗೆ ಹಿಟ್ಟಿನ ಹಾಗೆ ಗಷ್ಟು. ಮಜ್ಜಿಗೆ ಹುಳಿಗೆ ಹಾಕಿದೆ. ಕಡಲೆಬೇಳೆ, ತೆಂಗಿನಕಾಯಿ ರುಬ್ಬಿ ಹಾಕಿದ್ದರೂ ಕುದಿ ಬರುವಷ್ಟರಲ್ಲಿ ಕಾಳುಕಾಳಾಗಿ ಒಡೆಯಿತು. ಈ ಮೂರಕ್ಕೂ ಮೊಸರೇ ಬೇಕು.

ಅದರಲ್ಲೂ ಯಾವ ಮೊಸರು ಅನ್ನುವುದು ಮುಖ್ಯ. ಇಲ್ಲಿ ಸಾದಾ ಮೊಸರಿನ ಡಬ್ಬಿಗಳ ಮೇಲೆ ಹೆಚ್ಚಾಗಿ 'ಮಿಲ್ಡ್' ಅಂತ ಇರುತ್ತದೆ. ಹುಳಿ ಕಡಿಮೆ ಬರಲಿ ಅಂತಲೇ ಬೇರೆ ಬ್ಯಾಕ್ಟೀರಿಯಾದಿಂದ ಹೆಪ್ಪುಗಟ್ಟಿಸಿದ್ದು ಅದು. ಇಲ್ಲಿಯ ಮೊಸರಿಗೆ ರುಚಿಯೇ ಇಲ್ಲ ಅಂತ ಬೈಯುವವರು ಆ ಪದ ಇಲ್ಲದ ಡಬ್ಬಿ ಹುಡುಕಬೇಕು. ತುರ್ಕಿ ಅಂಗಡಿಗಳಲ್ಲಿ ಶೇ. 10 ಕೊಬ್ಬಿನ ಗಟ್ಟಿ ಮೊಸರು ಸಿಗುತ್ತದೆ. ಮೊಸರನ್ನಕ್ಕೆ ಅದು ಹಬ್ಬ, ಸೊಂಟದ ಸುತ್ತಳತೆಗೆ ಅಲ್ಲ.

ಮೊಸರು ಬಜ್ಜಿಯಲ್ಲಿ ಮಾತ್ರ ಕ್ವಾರ್ಕ್ ಸ್ವಲ್ಪ ಮರ್ಯಾದೆ ಉಳಿಸಿಕೊಂಡಿತು. ಸೌತೆಕಾಯಿಗೆ ಉಪ್ಪು ಬಿದ್ದ ಮೇಲೆ ನೀರು ಬಿಡುತ್ತಲ್ಲ, ಮೊಸರಿನಲ್ಲಾದರೆ ಊಟಕ್ಕೆ ಕೂರುವಷ್ಟರಲ್ಲಿ ಬಟ್ಟಲೆಲ್ಲ ನೀರು. ಅರ್ಧ ಮೊಸರು, ಅರ್ಧ ಕ್ವಾರ್ಕ್ ಹಾಕಿದರೆ ಆ ನೀರು ಸರಿಹೋಗುತ್ತದೆ. ಡಬ್ಬಿ ಕಟ್ಟಿಕೊಂಡು ಹೋಗುವವರಿಗೆ ಇದು ಅನುಕೂಲ.

ಬ್ರೆಡ್ಡಿನ ವಿಷಯಕ್ಕೆ ಬಂದರೆ ಎದುರಾಳಿ ಕ್ರೀಮ್ ಚೀಸ್. ಅದರ ನುಣುಪು ಕ್ವಾರ್ಕಿಗೆ ಇಲ್ಲ, ಒಪ್ಪಬೇಕು. ಆದರೆ ಕ್ರೀಮ್ ಚೀಸಿಗೆ ಏನೇ ಹಾಕಿದರೂ ಕೊನೆಗೆ ಬಾಯಲ್ಲಿ ಉಳಿಯುವುದು ಕೊಬ್ಬಿನ ರುಚಿ. ಕ್ವಾರ್ಕ್ ಹಾಗಲ್ಲ, ನೀವು ಹಾಕಿದ್ದೇ ಅದರ ರುಚಿ. ಸಾಸಿವೆ, ಕರಿಬೇವು, ಒಣಮೆಣಸಿನ ಒಗ್ಗರಣೆ ಸ್ವಲ್ಪ ಆರಿದ ಮೇಲೆ ಸುರಿದು, ಉಪ್ಪು ಹಾಕಿ ಕಲಸಿ, ಇಲ್ಲಿಯ ರೈ ಬ್ರೆಡ್ಡಿಗೆ ದಪ್ಪಕ್ಕೆ ಸವರಿ ನೋಡಿ. ಶೇಂಗಾ ಚಟ್ನಿಪುಡಿ ಹಾಕಿದರೆ ಇನ್ನೂ ಮೇಲು.

ನನಗೆ ಬಹಳ ಖುಷಿ ಕೊಟ್ಟಿದ್ದು ಅಗಸಿ. ಬ್ರಾಂಡೆನ್‌ಬುರ್ಗ್ ಮತ್ತು ಸ್ಯಾಕ್ಸನಿ ಸೇರುವ ಲೌಸಿಟ್ಸ್ ಕಡೆ, ಸ್ಪ್ರೇವಾಲ್ಡ್ ಹಳ್ಳಿಗಳಲ್ಲಿ, ಹಳೆಯ ಕಾಲದ ಬಡವರ ಊಟ ಅಂದರೆ ಸಿಪ್ಪೆ ಸಮೇತ ಬೇಯಿಸಿದ ಆಲೂಗಡ್ಡೆ, ಈರುಳ್ಳಿ ಹಾಕಿದ ಕ್ವಾರ್ಕ್, ಮೇಲೆ ಅಗಸಿ ಎಣ್ಣೆ. ಈಗ ಅದನ್ನೇ ಪ್ರವಾಸಿಗರಿಗೆ ಹೋಟೆಲಿನಲ್ಲಿ ಬಡಿಸುತ್ತಾರೆ. ಜೋಳದ ರೊಟ್ಟಿ, ಅಗಸಿ ಚಟ್ನಿಪುಡಿ, ಅದರ ಮೇಲೆ ಮೊಸರು ಹಾಕಿಕೊಂಡು ಬೆಳೆದವರಿಗೆ ಆ ತಟ್ಟೆಯಲ್ಲಿ ಹೊಸದೇನಿದೆ ಹೇಳಿ? ಮನೆಗೆ ಬಂದು ಕ್ವಾರ್ಕಿಗೆ ಊರಿನ ಅಗಸಿ ಚಟ್ನಿಪುಡಿ ಕಲಸಿದೆ, ಹಸಿ ಈರುಳ್ಳಿ ಹೆಚ್ಚಿ ಹಾಕಿದೆ, ಒಂದು ಚಮಚ ಅಗಸಿ ಎಣ್ಣೆ ಬಿಟ್ಟೆ. ಕ್ರೀಮ್ ಚೀಸ್ ಇದರ ಹತ್ತಿರವೂ ಸುಳಿಯುವುದಿಲ್ಲ. ಅಂದಹಾಗೆ ಅಗಸಿ ಎಣ್ಣೆಯ ಚಿಕ್ಕ ಬಾಟಲಿಯನ್ನೇ ತನ್ನಿ, ಫ್ರಿಜ್‌ನಲ್ಲಿಡಿ. ಬೇಗ ಕಹಿಯಾಗುತ್ತದೆ.

ಸಿಹಿಯಲ್ಲಿ ಫಲಿತಾಂಶ ಮಿಶ್ರ. ಶ್ರೀಖಂಡಕ್ಕೆ ಕ್ವಾರ್ಕ್ ಹೇಳಿ ಮಾಡಿಸಿದ್ದು, ರಾತ್ರಿಯಿಡೀ ಬಟ್ಟೆ ಕಟ್ಟುವ ಕೆಲಸವೇ ಇಲ್ಲ. ಇಲ್ಲಿ ಮಾತ್ರ ಜಿಪುಣತನ ಬೇಡ, ಶೇ. 40ರದ್ದೇ ಇರಲಿ. ಚಕ್ಕಾಕ್ಕಿಂತ ಕ್ವಾರ್ಕ್ ತುಸು ಸಡಿಲ, ಸಕ್ಕರೆ ಬಿದ್ದರೆ ಇನ್ನೂ ಸಡಿಲಾಗುತ್ತದೆ. ಆದ್ದರಿಂದ ಒಂದೆರಡು ಗಂಟೆ ತೆಳು ಬಟ್ಟೆಯಲ್ಲಿ ಸೋಸಲು ಬಿಟ್ಟು, ಆಮೇಲೆ ಪುಡಿಸಕ್ಕರೆ, ಹಾಲಲ್ಲಿ ನೆನೆಸಿದ ಕೇಸರಿ, ಏಲಕ್ಕಿ ಸೇರಿಸಿ. ಹುಳಿ ಸಾಲದು ಅನ್ನಿಸಿದರೆ ಒಂದು ದೊಡ್ಡ ಚಮಚ ಹುಳಿ ಮೊಸರು. ಬಿಸಿ ಪೂರಿ ಜೊತೆ ತಿನ್ನುವಾಗ ಆರೋಗ್ಯದ ಮಾತು ಎತ್ತಬಾರದು ಅಷ್ಟೇ. ಅಂಗಡಿಯಲ್ಲಿ ಸಿಗುವ ಹಣ್ಣಿನ ಕ್ವಾರ್ಕಿಗೂ ಇದೇ ಮಾತು. ಪ್ರೋಟೀನ್ ನೆಪದಲ್ಲಿ ಸಕ್ಕರೆ ತಿನ್ನಿಸುತ್ತಾರೆ.

ಜರ್ಮನ್ನರ ಚೀಸ್ ಕೇಕ್ ಆಗುವುದು ಕ್ವಾರ್ಕಿನಿಂದಲೇ. ಹಗುರ, ಸ್ವಲ್ಪ ಹುಳಿ, ಒಳಗೆ ನವಿರಾದ ತರಿ. ಕ್ರೀಮ್ ಚೀಸಿನ ಅಮೆರಿಕನ್ ಕೇಕ್ ಭಾರ, ಒಂದು ತುಂಡಿಗೇ ಸಾಕು ಅನ್ನಿಸುತ್ತದೆ. ನನ್ನ ಮತ ಜರ್ಮನ್ನರಿಗೆ. ಆದರೆ ಕ್ಯಾರೆಟ್ ಕೇಕ್ ಮೇಲೆ ಸವರುವ ಕ್ರೀಮಿಗೆ ಕ್ವಾರ್ಕ್ ಹಾಕಬೇಡಿ. ನೀರು ಬಿಟ್ಟು ಕೇಕ್ ಒದ್ದೆಯಾಗುತ್ತದೆ. ಅಲ್ಲಿ ಕ್ರೀಮ್ ಚೀಸೇ ಗೆಲ್ಲುವುದು.

ಸ್ಕೀರ್ ಬಗ್ಗೆಯೂ ಕೇಳುತ್ತಾರೆ. ಐಸ್‌ಲ್ಯಾಂಡ್ ಮೂಲದ, ಗಟ್ಟಿ ಮೊಸರಿನಂಥದ್ದು, ಪ್ರೋಟೀನ್ ಹೆಚ್ಚುಕಡಿಮೆ ಕ್ವಾರ್ಕಿನಷ್ಟೇ, ನುಣುಪು ಜಾಸ್ತಿ, ಬೆಲೆಯೂ ಜಾಸ್ತಿ. ಬರಿದೇ ಚಮಚದಲ್ಲಿ ತಿನ್ನುವವರಿಗೆ ಸರಿ. ಸೂಪರ್ ಮಾರ್ಕೆಟಿನ ಸ್ವಂತ ಬ್ರ್ಯಾಂಡಿನ ಅರ್ಧ ಕೆಜಿ ಕ್ವಾರ್ಕ್ ಎರಡು ಯೂರೋ ಒಳಗೇ ಸಿಗುವಾಗ ನಾನಂತೂ ಅತ್ತ ಹೋಗುವುದಿಲ್ಲ.

ಸಸ್ಯಾಹಾರಿಗಳು ಗಮನಿಸಬೇಕಾದದ್ದು ರೆನೆಟ್. ಇದು ಕರುವಿನ ಹೊಟ್ಟೆಯಿಂದ ತೆಗೆದದ್ದೂ ಆಗಿರಬಹುದು, ಸೂಕ್ಷ್ಮಜೀವಿಗಳಿಂದ ತಯಾರಿಸಿದ್ದೂ ಆಗಿರಬಹುದು. ಪದಾರ್ಥಗಳ ಪಟ್ಟಿಯಲ್ಲಿ ಅದನ್ನು ಬರೆಯಲೇಬೇಕು ಅಂತ ಯುರೋಪಿನ ನಿಯಮವಿಲ್ಲ, ಹಾಗಾಗಿ ಪಟ್ಟಿ ಓದಿದರೆ ಸಾಲದು. ಡಬ್ಬಿಯ ಮೇಲೆ ಸಸ್ಯಾಹಾರಿ ಗುರುತು ಇದೆಯಾ ನೋಡಿ, ಇಲ್ಲದಿದ್ದರೆ ಕಂಪನಿಗೆ ಮೇಲ್ ಹಾಕಿ ಕೇಳಿ. ಊರಿಂದ ನಮ್ಮ ಅತ್ತೆ ಬಂದಾಗ ಈ ತಲೆನೋವೇ ಬೇಡ ಅಂತ ಮೊಸರನ್ನೇ ಬಟ್ಟೆಯಲ್ಲಿ ಕಟ್ಟುತ್ತೇನೆ. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕೂತು ಕ್ವಾರ್ಕ್ ಎಲ್ಲಿ ಸಿಗುತ್ತೆ ಅಂತ ಕೇಳುವವರಿಗೂ ನನ್ನ ಉತ್ತರ ಅದೇ. ಕೆನೆ ತೆಗೆದ ಹಾಲಿಗೆ ಹೆಪ್ಪು ಹಾಕಿ, ಆ ಮೊಸರನ್ನು ಕಟ್ಟಿ ರಾತ್ರಿ ಫ್ರಿಜ್‌ನಲ್ಲಿಡಿ, ಕೆಳಗೊಂದು ಪಾತ್ರೆ ಇರಲಿ. ಇಳಿದ ನೀರಲ್ಲಿ ಚಪಾತಿ ಹಿಟ್ಟು ಕಲಸಬಹುದು.