ಕೊಡಚಾದ್ರಿಗೆ ಮೂರು ದಾರಿ: ಕಾಡು ಬೇಕಾದವರಿಗೆ ಯಾವುದು?

1343 ಮೀಟರ್ ಎತ್ತರದ ಕೊಡಚಾದ್ರಿಯನ್ನು ಮೂರು ಕಡೆಯಿಂದಲೂ ಹತ್ತಿದ್ದೇನೆ: ನಿಟ್ಟೂರು ಕಡೆಯ ಜೀಪು ರಸ್ತೆ, ಹಿಡ್ಲುಮನೆ ಜಲಪಾತದ ಏರು, ಕೊಲ್ಲೂರು ಕಡೆಯ ಕಾರೆಕಟ್ಟೆ ಕಾಲುದಾರಿ. ಮೂರೂ ಮೂಲ ಮೂಕಾಂಬಿಕೆಯ ಗುಡಿಯ ಬಳಿ ಸೇರುತ್ತವೆ. ಅಲ್ಲಿಂದ ಬೆಟ್ಟದ ತುದಿಯ ಪುಟ್ಟ ಕಲ್ಲುಮಂಟಪ ಸರ್ವಜ್ಞ ಪೀಠದವರೆಗೆ ಎಲ್ಲರದೂ ಒಂದೇ ಹಾದಿ.

ಜೀಪು ರಸ್ತೆ ವಯಸ್ಸಾದವರಿಗೆ ವರವೇ ಸರಿ. ನಡೆಯುವವರಿಗೆ ಮಾತ್ರ ಮೈತುಂಬ ಕೆಂಧೂಳು, ತಿರುವು ತಿರುವಿಗೂ ಪಕ್ಕಕ್ಕೆ ಸರಿದು ನಿಲ್ಲುವ ಕಾಟ.

ಹಿಡ್ಲುಮನೆಯ ದಾರಿಯಲ್ಲಿ ಬೇಸರಕ್ಕೆ ಎಡೆಯೇ ಇಲ್ಲ. ಅಡಿಕೆ ತೋಟ ದಾಟಿದರೆ ಹಳ್ಳ, ಹಂತ ಹಂತವಾಗಿ ಧುಮುಕುವ ನೀರು, ಅದರ ಪಕ್ಕದಲ್ಲೇ ಬೇರು ಹಿಡಿದು ಏರಬೇಕಾದ ಬಂಡೆ, ಆಮೇಲೆ ಬಯಲಾದ ಹುಲ್ಲುಗುಡ್ಡ. ಆದರೆ ರಜಾದಿನಗಳಲ್ಲಿ ಇಲ್ಲಿ ಜನವೋ ಜನ; ಜಲಪಾತದ ಸದ್ದಿಗಿಂತ ಕೇಕೆಯೇ ಜೋರು. ಬಂಡೆ ಪಾಚಿಗಟ್ಟುವ ಮಳೆಗಾಲದಲ್ಲಂತೂ ಇದರ ಆಸೆ ಬಿಟ್ಟುಬಿಡಿ.

ನನ್ನ ಮನಸ್ಸು ನಿಂತಿರುವುದು ಕಾರೆಕಟ್ಟೆಯಲ್ಲಿ. ಮೂಕಾಂಬಿಕಾ ಅಭಯಾರಣ್ಯದ ನಿತ್ಯಹರಿದ್ವರ್ಣ ಕಾಡಿನೊಳಗೆ ತರಗೆಲೆಯ ಮೇಲೆ ಸಾಗುವ ದಾರಿಯದು. ಬಹು ಹೊತ್ತು ನೋಟವೆಂಬುದು ಏನೂ ಸಿಗುವುದಿಲ್ಲ, ಮರಗಳಷ್ಟೇ. ಅದಕ್ಕೇ ಕಿವಿ ಚುರುಕಾಗುತ್ತದೆ. ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿ ಕಣ್ಣಿಗೆ ಬೀಳುವ ಮೊದಲೇ ಅದರ ರೆಕ್ಕೆ ಗಾಳಿಯನ್ನು ಸೀಳುವ ಸದ್ದು ನೆತ್ತಿಯ ಮೇಲೆ ಹಾದುಹೋಗುತ್ತದೆ. ಒಮ್ಮೆ ಜಾಯಿಕಾಯಿಯ ಕಾಡು ಬಂಧು ರಾಮಪತ್ರೆಯ ಒಡೆದ ಕಾಯಿಯೊಂದು ದಾರಿಯಲ್ಲಿ ಬಿದ್ದಿತ್ತು. ಒಳಗಿನ ಬೀಜವನ್ನು ಪತ್ರೆ ಎಂಬ ಕಡುಗೆಂಪು ಹೊದಿಕೆ ಬಲೆಯಂತೆ ಬಿಗಿದಿತ್ತು. ಮಂಗಟ್ಟೆಗಳು ಬಯಸಿ ಬರುವುದು ಈ ಪತ್ರೆಗೇ. ಬೀಜವನ್ನು ದೂರ ಒಯ್ದು ಕಕ್ಕಿ, ಮರದ ಸಂತತಿ ಹಬ್ಬಿಸುವುದೂ ಅವೇ. ಜೀಪಿನಲ್ಲಿ ಕುಳಿತವರಿಗೆ ಇದಾವುದೂ ದಕ್ಕುವುದಿಲ್ಲ ಎಂಬುದು ನನಗೆ ನಿಜಕ್ಕೂ ಸಂಕಟ.

ಕಷ್ಟಗಳೂ ಇವೆ. ಕೊನೆಯ ಏರು ಮೊಣಕಾಲಿನ ಬಲ ಕೇಳುತ್ತದೆ. ಹೋಗಿ ಬರಲು ಇಡೀ ದಿನ ಬೇಕು. ಮಳೆ ಬಿದ್ದರೆ ಇಂಬಳಗಳ ರಾಜ್ಯ. ಅವು ಕಚ್ಚಿದ್ದು ತಿಳಿಯುವುದೇ ಇಲ್ಲ, ರಕ್ತ ಹೆಪ್ಪುಗಟ್ಟದ ಕಾರಣ ಕಾಲುಚೀಲ ಒದ್ದೆಯಾದ ಮೇಲೆಯೇ ಗೊತ್ತಾಗುವುದು. ಹೊಗೆಸೊಪ್ಪಿನ ಪುಡಿಗೆ ಸುಣ್ಣ ಬೆರೆಸಿ ಕಾಲಿಗೆ ಹಚ್ಚಿಕೊಂಡರೆ ಬಹುಮಟ್ಟಿಗೆ ದೂರ ಉಳಿಯುತ್ತವೆ.

ಜಲಪಾತ ನೋಡಲೇಬೇಕೆಂಬ ಗೆಳೆಯರನ್ನು ವಾರದ ನಡುವೆ ಹಿಡ್ಲುಮನೆಗೆ ಕಳುಹಿಸುತ್ತೇನೆ. ಕಾಡು ಕೇಳಿದವರಿಗೆ ಕಾರೆಕಟ್ಟೆ, ಅದೂ ನವೆಂಬರ್‌ನಿಂದ ಫೆಬ್ರುವರಿಯೊಳಗೆ. ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆಯಿರಿ, ಬೆಳಗಿನ ಮೊದಲ ಬಸ್ಸಿಗೇ ಹೊರಡಿ, ದಾರಿ ಬಲ್ಲ ಊರಿನವರೊಬ್ಬರು ಜೊತೆಗಿರಲಿ. ಕವಲು ಬಂದಲ್ಲೆಲ್ಲ ಫಲಕವಿಲ್ಲ.